ಕ್ರಾನ್: ಗಣಕದೊಳಗಿನ ರಾತ್ರಿ ಪಾಳಿಯ ಆಳು

ಮಕ್ತಲ್: ರಾತ್ರಿ ಒಂಬತ್ತಕ್ಕೆ ಅಂಗಡಿಯ ಶಟರ್ ಎಳೆಯುವ ಹೊತ್ತು. ದಿನದ ಲೆಕ್ಕವೆಲ್ಲ ಗಣಕಯಂತ್ರದಲ್ಲಿದೆ. ಅದರ ಒಂದು ಪ್ರತಿಯನ್ನು ಪೆನ್ ಡ್ರೈವಿಗೆ ಹಾಕಿಟ್ಟುಕೊಳ್ಳಬೇಕೆಂದು ಎಲ್ಲರಿಗೂ ಗೊತ್ತು. ಆದರೆ ಬಸ್ಸು ತಪ್ಪುತ್ತದೆ ಎನ್ನುವ ಅವಸರ, ಮನೆಗೆ ನೆಂಟರು ಬಂದಿದ್ದಾರೆ ಎನ್ನುವ ಧಾವಂತ. ಒಂದು ದಿನ ಮರೆತದ್ದು ಒಂದು ವಾರವಾಗುತ್ತದೆ, ವಾರ ತಿಂಗಳಾಗುತ್ತದೆ. ಹಾರ್ಡ್ ಡಿಸ್ಕ್ ಕೆಡುವುದು ಸರಿಯಾಗಿ ಆ ತಿಂಗಳಲ್ಲೇ! ಉದ್ರಿ ಯಾರದು, ಬಾಕಿ ಎಷ್ಟು, ಯಾವ ನೇಕಾರನಿಗೆ ಮುಂಗಡ ಕೊಟ್ಟದ್ದಾಗಿದೆ ಎನ್ನುವುದೆಲ್ಲ ಆಮೇಲೆ ನೆನಪಿನ ಮೇಲೆ, ಜಗಳದ ಮೇಲೆ.

ಹೊತ್ತಿಗೆ ಸರಿಯಾಗಿ ಮಾಡಬೇಕಾದ ಇಂಥ ಕೆಲಸವನ್ನು ಮನುಷ್ಯನ ನೆನಪಿಗೆ ಬಿಡದೆ ಗಣಕಕ್ಕೇ ಒಪ್ಪಿಸುವ ವ್ಯವಸ್ಥೆ ಯುನಿಕ್ಸ್ ಮತ್ತು ಅದರ ಜಾಡಿನಲ್ಲಿ ಬಂದ ಲಿನಕ್ಸ್ ಮುಂತಾದ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ನಾಲ್ಕು ದಶಕಗಳಿಂದ ಇದೆ. ಅದರ ಹೆಸರು ಕ್ರಾನ್. ಗ್ರೀಕ್ ಭಾಷೆಯಲ್ಲಿ ಕಾಲಕ್ಕೆ ಕ್ರೋನೋಸ್ ಎನ್ನುತ್ತಾರೆ, ಹೆಸರು ಅಲ್ಲಿಂದ ಬಂದದ್ದು.

ಭೂತವಲ್ಲ, ಡೀಮನ್

ಕ್ರಾನ್ ಮೊದಲು ವ್ಯಾಪಕವಾಗಿ ಹರಡಿದ್ದು ಅಮೆರಿಕದ ಬೆಲ್ ಪ್ರಯೋಗಾಲಯದಿಂದ 1979ರಲ್ಲಿ ಹೊರಬಂದ ಯುನಿಕ್ಸಿನ ಏಳನೆಯ ಆವೃತ್ತಿಯ ಜೊತೆ. ಆಗಿನ ಕ್ರಾನ್ ಬಹಳ ಸರಳ. ನಿಮಿಷಕ್ಕೊಮ್ಮೆ ಎಚ್ಚರವಾಗುವುದು, ಪಟ್ಟಿಯೊಂದನ್ನು ಓದುವುದು, ಈ ನಿಮಿಷಕ್ಕೆ ಬರೆದ ಕೆಲಸವಿದ್ದರೆ ಮಾಡಿಸುವುದು, ಇಲ್ಲವಾದರೆ ಮತ್ತೆ ಮಲಗುವುದು. ಒಂದು ಯಂತ್ರಕ್ಕೆ ಒಂದೇ ಪಟ್ಟಿ ಇತ್ತು. ಮುಂದೆ ಪ್ರತಿಯೊಬ್ಬ ಬಳಕೆದಾರನಿಗೂ ತನ್ನದೇ ಪಟ್ಟಿ ಎನ್ನುವ ಏರ್ಪಾಡು ಬಂತು. 1987ರಲ್ಲಿ ಪಾಲ್ ವಿಕ್ಸಿ ಎಂಬ ತಂತ್ರಜ್ಞ ಹೊಸದಾಗಿ ಬರೆದು ಉಚಿತವಾಗಿ ಹಂಚಿದ ಕ್ರಾನ್ ಇಂದಿಗೂ ಬಹುತೇಕ ಲಿನಕ್ಸ್‌ಗಳ ಕ್ರಾನಿಗೆ ಮೂಲ. ಸಿ-ಡ್ಯಾಕ್ ಸಂಸ್ಥೆ ರೂಪಿಸಿದ, ಕನ್ನಡ ತೆಲುಗು ಎರಡೂ ಬರುವ ಬಾಸ್ ಲಿನಕ್ಸ್ ಕೂಡ ಡೆಬಿಯನ್ ಆಧಾರದ ಮೇಲೆ ನಿಂತಿರುವುದರಿಂದ ಅದೂ ಈ ಬಳಗಕ್ಕೇ ಸೇರಿದ್ದು.

ಹೀಗೆ ತೆರೆಯ ಮೇಲೆ ಕಾಣಿಸಿಕೊಳ್ಳದೆ ಹಿನ್ನೆಲೆಯಲ್ಲಿ ದುಡಿಯುವ ತಂತ್ರಾಂಶಕ್ಕೆ ಡೀಮನ್ ಎನ್ನುತ್ತಾರೆ. ಭೂತ ಎಂದು ಅನುವಾದಿಸಿ ಹೆದರಬೇಕಿಲ್ಲ. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ್ದ, ಅಣುಗಳನ್ನು ಕೂತಲ್ಲೇ ವಿಂಗಡಿಸುವ ಪುಟ್ಟ ಅದೃಶ್ಯ ಜೀವಿಯಿಂದ ಆ ಹೆಸರು ಬಂದಿದೆ.

ಐದು ಮನೆಗಳ ಸಾಲು

ಕ್ರಾನ್ ಓದುವ ಪಟ್ಟಿಗೆ ಕ್ರಾನ್‌ಟ್ಯಾಬ್ ಎಂದು ಹೆಸರು. ಒಂದು ಸಾಲಿಗೆ ಒಂದು ಕೆಲಸ. ಸಾಲಿನ ಮೊದಲಿಗೆ ಐದು ಮನೆ: ನಿಮಿಷ (0ರಿಂದ 59), ಗಂಟೆ (0ರಿಂದ 23), ತಾರೀಖು (1ರಿಂದ 31), ತಿಂಗಳು (1ರಿಂದ 12), ವಾರ (0ರಿಂದ 7, ಭಾನುವಾರಕ್ಕೆ 0 ಎಂದರೂ ಸರಿ, 7 ಎಂದರೂ ಸರಿ). ಆಮೇಲೆ ಮಾಡಬೇಕಾದ ಕೆಲಸದ ಆಜ್ಞೆ. ನಕ್ಷತ್ರ ಹಾಕಿದರೆ "ಯಾವುದಾದರೂ ಸರಿ" ಎಂದರ್ಥ. ಇಲ್ಲಿ ಆಜ್ಞೆಗಳನ್ನು ಕನ್ನಡದಲ್ಲಿ ಬರೆದಿದೆ, ಗಣಕದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು.

30 21 * * * ಬ್ಯಾಕಪ್

ದಿನವೂ ರಾತ್ರಿ ಒಂಬತ್ತೂವರೆಗೆ ಬ್ಯಾಕಪ್ ಎಂಬ ಕೆಲಸ ಮಾಡು ಎಂದು ಇದರ ಅರ್ಥ. ನಿಮಿಷ ಮೊದಲು, ಗಂಟೆ ಆಮೇಲೆ ಎನ್ನುವುದು ನಮ್ಮ ರೂಢಿಗೆ ತಿರುಗುಮುರುಗು. ಹೊಸಬರು ಎಡವುವುದು ಇಲ್ಲೇ.

0 * * * * ನೀರಿನಮಟ್ಟ

ಪ್ರತಿ ಗಂಟೆ ಸರಿಯಾಗಿ ಬಾರಿಸುವಾಗ ಒಮ್ಮೆ. ಕೃಷ್ಣೆ ಕರ್ನಾಟಕ ದಾಟಿ ತೆಲಂಗಾಣಕ್ಕೆ ಕಾಲಿಟ್ಟ ಮೇಲೆ ಸಿಗುವ ಮೊದಲ ಜಲಾಶಯ ಗದ್ವಾಲ್ ಬಳಿಯ ಪ್ರಿಯದರ್ಶಿನಿ ಜುರಾಲ. ಅದರ ಪೂರ್ಣ ಮಟ್ಟ 318.516 ಮೀಟರ್. ಮೇಲಿನ ಆಲಮಟ್ಟಿ, ನಾರಾಯಣಪುರಗಳಿಂದ ನೀರು ಬಿಟ್ಟ ದಿನಗಳಲ್ಲಿ ಕೆಳಗಿನವರಿಗೆ ಗಂಟೆಗೊಂದು ಅಂಕಿ ಬೇಕು. 2009ರ ಅಕ್ಟೋಬರ್ ಮೊದಲ ವಾರದ ಪ್ರವಾಹವನ್ನು ರಾಯಚೂರಿನಿಂದ ಕರ್ನೂಲಿನವರೆಗೆ ಕಂಡವರು, ಆ ಅಂಕಿ ಒಂದು ಗಂಟೆ ತಡವಾದರೆ ಏನಾಗುತ್ತದೆಂದು ಹೇಳಬಲ್ಲರು. ತಾನಾಗಿ ಅಳೆಯುವ ಮಾಪಕವಿರುವ ಕಡೆ ಅದರ ಅಂಕಿಯನ್ನು ಹೊತ್ತಿಗೆ ಸರಿಯಾಗಿ ತರಿಸಿ ಬರೆದಿಡುವುದು ಕ್ರಾನಿಗೆ ಹೇಳಿ ಮಾಡಿಸಿದಂಥ ಕೆಲಸ.

*/30 * * * * ಎಂದರೆ ಅರ್ಧ ಗಂಟೆಗೊಮ್ಮೆ. ಬ್ಯಾಂಕಿನ ನೆಫ್ಟ್ ಹಣ ವರ್ಗಾವಣೆ ಬಲ್ಲವರಿಗೆ ಈ ಲಯ ಪರಿಚಿತ. 2019ರ ಡಿಸೆಂಬರ್ 16ರಿಂದ ಅದು ಹಗಲೂ ರಾತ್ರಿ ಅರ್ಧ ಗಂಟೆಗೊಂದು ಕಂತಿನಂತೆ ದಿನಕ್ಕೆ 48 ಕಂತುಗಳಲ್ಲಿ ನಡೆಯುತ್ತಿದೆ. ಪುಣೆಗೋ ಮುಂಬೈಗೋ ಕೂಲಿಗೆ ಹೋದ ಮಗ ನೆಫ್ಟ್‌ನಲ್ಲಿ ಹಾಕಿದ ದುಡ್ಡು ಮಾಗನೂರಿನ ತಾಯಿಯ ಖಾತೆಗೆ ತುಸು ತಡೆದು ಬರುವುದಕ್ಕೆ ಕಾರಣ ಈ ಕಂತು. (ಬ್ಯಾಂಕಿನವರು ಬಳಸುವುದು ಬೇರೆ, ದೊಡ್ಡ ತಂತ್ರಾಂಶಗಳನ್ನು. ತತ್ವ ಮಾತ್ರ ಇದೇ.)

0 8 * * 1 ಎಂದು ಬರೆದರೆ ಪ್ರತಿ ಸೋಮವಾರ ಬೆಳಗ್ಗೆ ಎಂಟಕ್ಕೆ. ನಿಮ್ಮೂರ ಸಂತೆ ಯಾವ ವಾರವೋ ಆ ಅಂಕಿ ಹಾಕಿಕೊಳ್ಳಿ.

ಇಲ್ಲೊಂದು ಹಳೆಯ ಮೋಸವಿದೆ. 0 9 1 * 1 ಎಂದು ಬರೆದವರು "ಒಂದನೇ ತಾರೀಖು ಸೋಮವಾರ ಬಿದ್ದರೆ ಮಾತ್ರ" ಎಂದುಕೊಂಡಿರುತ್ತಾರೆ. ಕ್ರಾನ್ ಹಾಗೆ ತಿಳಿಯುವುದಿಲ್ಲ. ತಾರೀಖು, ವಾರ ಎರಡೂ ಕೊಟ್ಟರೆ ಯಾವುದು ಹೊಂದಿದರೂ ಕೆಲಸ ಮಾಡುತ್ತದೆ. ಅಂದರೆ ಒಂದನೇ ತಾರೀಖೂ ಆಯಿತು, ಎಲ್ಲ ಸೋಮವಾರಗಳೂ ಆಯಿತು. ತಿಂಗಳಿಗೊಮ್ಮೆ ಹೋಗಬೇಕಾದ ಬಾಕಿಯ ಸಂದೇಶ ಗಿರಾಕಿಗೆ ವಾರ ವಾರ ಹೋದರೆ ಅವನು ಅಂಗಡಿ ಬದಲಿಸಿದರೂ ಆಶ್ಚರ್ಯವಿಲ್ಲ.

ಐದು ಮನೆಗಳಲ್ಲಿ ವರ್ಷಕ್ಕೆ ಜಾಗವಿಲ್ಲ. "ತಿಂಗಳ ಕೊನೆಯ ದಿನ" ಎನ್ನುವುದಕ್ಕೂ ಜಾಗವಿಲ್ಲ. ಇನ್ನು ತಿಥಿಯಂತೂ ಅದಕ್ಕೆ ಗೊತ್ತೇ ಇಲ್ಲ. ಕೃಷ್ಣೆಯ ನಡುಗಡ್ಡೆ ಕುರುವಪುರದಲ್ಲಿ ಶ್ರೀಪಾದ ಶ್ರೀವಲ್ಲಭರ ಗುರುದ್ವಾದಶಿ ಬರುವುದು ಆಶ್ವಯುಜ ಬಹುಳ ದ್ವಾದಶಿಯಂದು, ಇಂಗ್ಲಿಷ್ ತಾರೀಖು ವರ್ಷ ವರ್ಷ ಬೇರೆ. ಅದಕ್ಕೆ ಪಂಚಾಂಗ ನೋಡಿ ಪ್ರತಿವರ್ಷ ಸಾಲು ತಿದ್ದಬೇಕು.

ಬರೆಯುವುದು ಹೇಗೆ?

ಟರ್ಮಿನಲ್ ತೆರೆದು ಕ್ರಾನ್‌ಟ್ಯಾಬ್ ಎಂದು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪಿಸಿ, ಜಾಗ ಬಿಟ್ಟು, ಅಡ್ಡಗೆರೆ ಹಾಕಿ, ಇ ಅಕ್ಷರ ಒತ್ತಿದರೆ ನಿಮ್ಮ ಪಟ್ಟಿ ತಿದ್ದಲು ತೆರೆದುಕೊಳ್ಳುತ್ತದೆ. ಇ ಬದಲು ಎಲ್ ಒತ್ತಿದರೆ ಬರಿದೇ ತೋರಿಸುತ್ತದೆ. ಆರ್ ಒತ್ತಿದರೆ? ಪಟ್ಟಿಯನ್ನೇ ಅಳಿಸಿಹಾಕುತ್ತದೆ. "ಖಚಿತವೇ?" ಎಂದು ಸಾಮಾನ್ಯವಾಗಿ ಕೇಳುವುದೂ ಇಲ್ಲ. ಕೀಲಿಮಣೆಯಲ್ಲಿ ಇ ಮತ್ತು ಆರ್ ಅಕ್ಕಪಕ್ಕ ಇವೆ ಎಂಬುದನ್ನು ಈ ಅಕ್ಷರಗಳನ್ನು ಆರಿಸಿದವರು ಯೋಚಿಸಿದಂತೆ ಕಾಣುವುದಿಲ್ಲ. ಬೆರಳು ಒಂದು ಗೇಣಲ್ಲ, ಒಂದು ಕೀಲಿ ಜಾರಿದರೆ ಸಾಕು. ಆದ್ದರಿಂದ ತಿದ್ದುವ ಮೊದಲು ಎಲ್ ಕೊಟ್ಟು ಬಂದದ್ದನ್ನು ಬೇರೊಂದು ಕಡತದಲ್ಲಿ ಉಳಿಸಿಕೊಳ್ಳುವುದು ಬಲ್ಲವರ ಅಭ್ಯಾಸ. ಕೊನೆಯ ಸಾಲಿನ ನಂತರ ಎಂಟರ್ ಒತ್ತುವುದನ್ನೂ ಮರೆಯಬಾರದು.

ಕೈಯಲ್ಲಿ ಓಡುತ್ತದೆ, ಕ್ರಾನಿನಲ್ಲಿ ಓಡುವುದಿಲ್ಲ!

ಈ ದೂರು ಬಹಳ ಸಾಮಾನ್ಯ. ಕೂತು ಟೈಪಿಸಿದಾಗ ಸರಿಯಾಗಿ ನಡೆಯುವ ಆಜ್ಞೆ ಕ್ರಾನಿನ ಕೈಗೆ ಕೊಟ್ಟರೆ ನಡೆಯುವುದಿಲ್ಲ. ನೀವು ಗಣಕಕ್ಕೆ ಲಾಗಿನ್ ಆದಾಗ ನಿಮ್ಮ ಸುತ್ತ ಒಂದು ಪರಿಸರ ಸಿದ್ಧವಾಗುತ್ತದೆ. ಯಾವ ತಂತ್ರಾಂಶ ಯಾವ ಕಪಾಟಿನಲ್ಲಿದೆ, ಯಾವ ಭಾಷೆ ಇತ್ಯಾದಿ. ಕ್ರಾನಿಗೆ ಆ ಸೌಕರ್ಯವಿಲ್ಲ, ಅದು ಕಡಿಮೆ ಸಾಮಾನಿನ ಖಾಲಿ ಕೋಣೆಯಲ್ಲಿ ಕೆಲಸ ಮಾಡುತ್ತದೆ. "ಬ್ಯಾಕಪ್" ಎಂದಷ್ಟೇ ಹೇಳಿದರೆ ಅದಕ್ಕೆ ಮನೆ ಸಿಗುವುದಿಲ್ಲ. ಮೂಲದಿಂದ ಹಿಡಿದು ಪೂರ್ತಿ ವಿಳಾಸ ಕೊಡಬೇಕು. ಹೊಸಬರಿಗೆ "ಹೊಸಪೇಟೆ ಬೀದಿಯ ಅಂಗಡಿ" ಎಂದರೆ ಸಾಲದು, ಊರು, ಮಂಡಲ, ಜಿಲ್ಲೆ ಎಲ್ಲ ಹೇಳಬೇಕಲ್ಲ, ಹಾಗೆ.

ನಮ್ಮ ಭಾಗಕ್ಕೆ ವಿಶೇಷವಾಗಿ ತಟ್ಟುವುದು ಭಾಷೆಯ ತೊಡಕು. ಕನ್ನಡ, ತೆಲುಗು ಎರಡಕ್ಕೂ ಯುನಿಕೋಡಿನಲ್ಲಿ ಅಕ್ಕಪಕ್ಕದ ಓಣಿಗಳಿವೆ, ಮೊದಲು ತೆಲುಗು, ಅದರ ಗೋಡೆಗೆ ಹತ್ತಿ ಕನ್ನಡ. ಲಿಪಿಗಳು ಅಕ್ಕತಂಗಿಯರಾದರೂ ಗಣಕದ ಲೆಕ್ಕದಲ್ಲಿ ಬೇರೆ ಬೇರೆ. ಗಿರಾಕಿಗಳ ಹೆಸರನ್ನು ಕೆಲವರದು ಕನ್ನಡದಲ್ಲಿ, ಕೆಲವರದು ತೆಲುಗಿನಲ್ಲಿ ಬರೆದಿಟ್ಟ ಪಟ್ಟಿ ಹಗಲು ಸರಿಯಾಗಿ ಮುದ್ರಣವಾಗುತ್ತದೆ, ರಾತ್ರಿ ಕ್ರಾನ್ ತೆಗೆದ ಪ್ರತಿಯಲ್ಲಿ ಮಾತ್ರ ಬರೀ ಪ್ರಶ್ನಾರ್ಥಕ ಚಿಹ್ನೆ! ಕ್ರಾನಿನ ಖಾಲಿ ಕೋಣೆಯಲ್ಲಿ ಭಾಷೆಯ ಸೂಚನೆ ಹಲವು ವೇಳೆ ಇರುವುದಿಲ್ಲ. ಆಗ ಕೆಲವು ತಂತ್ರಾಂಶಗಳು ಇಂಗ್ಲಿಷಿನ ಮೂಲ ಅಕ್ಷರಗಳನ್ನಷ್ಟೇ ನಂಬುತ್ತವೆ. ಪಟ್ಟಿಯ ತಲೆಯಲ್ಲಿ ಲ್ಯಾಂಗ್ ಎಂಬ ಹೆಸರಿಗೆ ಯುಟಿಎಫ್-8 ಇರುವ ಬೆಲೆ ಕೊಟ್ಟು ಒಂದು ಸಾಲು ಬರೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮತ್ತೊಂದು ಚಿಕ್ಕದು: ಕಡತದ ಹೆಸರಿಗೆ ತಾರೀಖು ಸೇರಿಸಲು ಶೇಕಡಾ ಗುರುತು ಬಳಸುತ್ತಾರೆ. ಕ್ರಾನ್ ಶೇಕಡಾ ಗುರುತನ್ನು ಹೊಸ ಸಾಲು ಎಂದು ತಿಳಿಯುತ್ತದೆ. ಅದರ ಹಿಂದೆ ಹಿಂಗೆರೆ (\) ಹಾಕಬೇಕು.

ಅರ್ಧ ಗಂಟೆಯ ತಕರಾರು

ಯಂತ್ರ ನಾರಾಯಣಪೇಟೆಯ ಅಂಗಡಿಯಲ್ಲಿದ್ದರೆ ಗಡಿಯಾರದ ಚಿಂತೆಯಿಲ್ಲ. ಆದರೆ ಈಗ ಅನೇಕರು ಬಾಡಿಗೆಗೆ ಸರ್ವರ್ ಹಿಡಿಯುತ್ತಾರೆ. ಅವುಗಳ ಗಡಿಯಾರ ಬಹುಮಟ್ಟಿಗೆ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ರಾತ್ರಿ ಒಂಬತ್ತೂವರೆ ಅಲ್ಲಿ ಸಂಜೆ ನಾಲ್ಕು. ಹಾಗಾಗಿ 30 21 ಅಲ್ಲ, 0 16 ಎಂದು ಬರೆಯಬೇಕು. ಗಂಟೆಗೆ ಸರಿಯಾಗಿ ನಡೆಯಬೇಕಾದದ್ದಕ್ಕೆ ನಿಮಿಷದ ಮನೆಯಲ್ಲಿ 0 ಹಾಕಿದರೆ ನಮ್ಮ ಅರ್ಧ ಗಂಟೆಗೆ ನಡೆಯುತ್ತದೆ. ಅಲ್ಲಿ 30 ಇರಬೇಕು. ಸೋಮವಾರ ನಸುಕಿನ ಐದು ಗಂಟೆ ಆ ಗಡಿಯಾರದಲ್ಲಿ ಇನ್ನೂ ಭಾನುವಾರ ರಾತ್ರಿ ಹನ್ನೊಂದೂವರೆ. ವಾರದ ಅಂಕಿಯೂ 1ರಿಂದ 0ಗೆ ಇಳಿಯುತ್ತದೆ. ಇನ್ನು ಒಂದನೇ ತಾರೀಖಿನ ನಡುರಾತ್ರಿ ಎಂದರೆ ಅಲ್ಲಿ ಹಿಂದಿನ ತಿಂಗಳ ಕೊನೆಯ ದಿನದ ಸಂಜೆ ಆರೂವರೆ. "ಕೊನೆಯ ದಿನ"ಕ್ಕೆ ಕ್ರಾನಿನಲ್ಲಿ ಮನೆಯೇ ಇಲ್ಲವೆಂದು ಆಗಲೇ ನೋಡಿದೆವಲ್ಲ! ಸರ್ವರಿನ ಗಡಿಯಾರವನ್ನೇ ಭಾರತದ ಸಮಯಕ್ಕೆ ಬದಲಿಸುವುದು ಅನುಕೂಲವಿದ್ದಲ್ಲಿ ಸುಲಭದ ದಾರಿ. ಫೆಡೋರಾ ಬಳಗದ ಕ್ರಾನಿನಲ್ಲಿ ಪಟ್ಟಿಗೆ ಪ್ರತ್ಯೇಕ ಸಮಯವಲಯ ಕೊಡಲೂ ಬರುತ್ತದೆ.

ಅಮೆರಿಕದಲ್ಲಿರುವ ಮಕ್ಕಳಿಗೆ ಇನ್ನೊಂದು ಕಷ್ಟ. ಅಲ್ಲಿ ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುತ್ತಾರೆ. ಬೆಳಗಿನ ಜಾವ ಎರಡೂವರೆಯ ಹೊತ್ತು ಒಂದು ದಿನ ಬರುವುದೇ ಇಲ್ಲ. ನಮ್ಮಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾಕಿದ್ದರು, ಆಮೇಲೆ ಆ ಗೋಜಿಲ್ಲ.

ಕರೆಂಟು ಹೋದರೆ?

ಒಂಬತ್ತೂವರೆಗೆ ಯಂತ್ರ ಆರಿದ್ದರೆ ಆ ದಿನದ ಕೆಲಸ ಹೋಯಿತು. ಕ್ರಾನ್ ಹಿಂದಿನ ಬಾಕಿ ತೀರಿಸುವುದಿಲ್ಲ. ಅದಕ್ಕೆಂದೇ ಅನಾಕ್ರಾನ್ ಎಂಬ ಜೊತೆಗಾರ ಇದೆ. ಗಣಕ ಮತ್ತೆ ಚಾಲೂ ಆದಾಗ "ದಿನದ ಕೆಲಸ ಆಗಿದೆಯೇ?" ಎಂದು ತಾರೀಖು ನೋಡಿ, ಆಗಿರದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮಾಡಿಸುತ್ತದೆ. ನಿಮಿಷ, ಗಂಟೆಯ ಲೆಕ್ಕ ಅದಕ್ಕಿಲ್ಲ, ದಿನದ ಲೆಕ್ಕ ಮಾತ್ರ.

ಐದು ಮನೆಗಳ ಬದಲು ರೀಬೂಟ್ ಎಂಬ ವಿಶೇಷ ಪದವನ್ನೂ (ಮುಂದೆ @ ಗುರುತು ಹಾಕಿ) ಬರೆಯಬಹುದು. ಗಣಕ ಎದ್ದಾಗಲೆಲ್ಲ ಆ ಕೆಲಸ ನಡೆಯುತ್ತದೆ. ಬೋರ್‌ವೆಲ್ಲಿನ ಆಟೋ ಸ್ಟಾರ್ಟರ್ ಕಂಡ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ನಡುರಾತ್ರಿ ಕರೆಂಟು ಬಂದರೂ ಪಂಪು ತಾನೇ ಓಡುತ್ತಿತ್ತು. 2018ರ ಜನವರಿ 1ರಿಂದ ತೆಲಂಗಾಣದಲ್ಲಿ ಕೃಷಿಗೆ 24 ಗಂಟೆ ವಿದ್ಯುತ್ ಶುರುವಾದಾಗ, ಬೇಕಿಲ್ಲದಿದ್ದರೂ ನೀರೆತ್ತಿ ಅಂತರ್ಜಲ ಬರಿದಾಗುತ್ತದೆಂದು ಆ ಸ್ಟಾರ್ಟರುಗಳನ್ನು ತೆಗೆಯಿರಿ ಎಂದು ಸರ್ಕಾರವೇ ಕೇಳಿಕೊಂಡಿತ್ತು. ಗಣಕದಲ್ಲೂ ಅದೇ ಪಾಡು. ಐದು ನಿಮಿಷಕ್ಕೊಮ್ಮೆ ಎಂದು ಹಚ್ಚಿದ ಕೆಲಸ ಏಳು ನಿಮಿಷ ಹಿಡಿದರೆ, ಮೊದಲನೆಯದು ಮುಗಿಯುವ ಮುನ್ನವೇ ಎರಡನೆಯದು ಶುರುವಾಗುತ್ತದೆ. ಒಂದರ ಮೇಲೊಂದು ಬಿದ್ದು ಯಂತ್ರ ಉಸಿರುಗಟ್ಟುತ್ತದೆ. ಎಫ್‌ಲಾಕ್ ಎಂಬ ಆಜ್ಞೆ ಬಾಗಿಲಿಗೆ ಬೀಗ ಹಾಕಿದಂತೆ, ಒಳಗಿನವನು ಹೊರಬರುವವರೆಗೆ ಮತ್ತೊಬ್ಬನನ್ನು ಬಿಡುವುದಿಲ್ಲ.

ಸದ್ದಿಲ್ಲದೆ ಸೋಲುವ ಕೆಲಸ

ಕ್ರಾನಿನ ದೊಡ್ಡ ಅಪಾಯ ಅದರ ಮೌನ. ಕೆಲಸ ಕೆಟ್ಟರೆ ತೆರೆಯ ಮೇಲೆ ಏನೂ ಬರುವುದಿಲ್ಲ. ಕೆಲಸ ಏನಾದರೂ ಉಸುರಿದರೆ ಅದನ್ನು ಯಂತ್ರದೊಳಗಿನ ಅಂಚೆಗೆ ಹಾಕುವುದು ಹಳೆಯ ಕ್ರಮ. ಆದರೆ ಇಂದಿನ ಹೆಚ್ಚಿನ ಗಣಕಗಳಲ್ಲಿ ಆ ಅಂಚೆ ವ್ಯವಸ್ಥೆಯನ್ನೇ ಕೂರಿಸಿರುವುದಿಲ್ಲ. ಡೆಬಿಯನ್ ಬಳಗದ ದಾಖಲೆ ಕಡತ ತೆರೆದು ನೋಡಿದವರಿಗೆ "ನೋ ಎಂಟಿಎ ಇನ್‌ಸ್ಟಾಲ್ಡ್, ಡಿಸ್ಕಾರ್ಡಿಂಗ್ ಔಟ್‌ಪುಟ್" ಎಂಬ ಸಾಲು ಕಾಣುತ್ತದೆ. ಅಂಚೆಯವನಿಲ್ಲ, ಕಾಗದ ಬಿಸಾಡಿದ್ದೇನೆ ಎಂದು ಅದರ ಅರ್ಥ!

ದೊಡ್ಡವರಿಗೂ ಇದು ತಪ್ಪಿಲ್ಲ. ತಂತ್ರಾಂಶ ಬರೆಯುವವರು ತಮ್ಮ ಕೆಲಸ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಎಂಬ ಜಾಲತಾಣದಲ್ಲಿ 2017ರ ಜನವರಿ 31ರಂದು ಒಬ್ಬ ಇಂಜಿನಿಯರ್ ತಪ್ಪು ಯಂತ್ರದಲ್ಲಿ ಅಳಿಸುವ ಆಜ್ಞೆ ಕೊಟ್ಟರು. ಸುಮಾರು 300 ಗಿಗಾಬೈಟ್ ದತ್ತಾಂಶ ಕಣ್ಣೆದುರೇ ಹೋಯಿತು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಇಡುವ ಜಾಗ ಖಾಲಿ. ಪ್ರತಿ ತೆಗೆಯುವ ಉಪಕರಣದ ಆವೃತ್ತಿ ಹಳೆಯದು, ದತ್ತಸಂಚಯದ ಆವೃತ್ತಿ ಹೊಸದು. ಹೊಂದದೆ ಪ್ರತಿಸಲವೂ ಸೋಲುತ್ತಿತ್ತು. ಸೋತದ್ದನ್ನು ತಿಳಿಸುವ ಇಮೇಲ್‌ಗಳು ಹೋಗುತ್ತಿದ್ದವು, ಆದರೆ ಸಹಿ ಸರಿಯಿಲ್ಲವೆಂದು ಅವನ್ನು ಪಡೆಯುವ ಕಡೆಯ ವ್ಯವಸ್ಥೆ ತಿರಸ್ಕರಿಸುತ್ತಿತ್ತು. ಬೇರೆ ಕಾರಣಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ ಇದ್ದುದರಿಂದ ಉಳಿದುಕೊಂಡರು. ಆದರೂ ಆ ಆರು ಗಂಟೆಯ ಕೆಲಸ ಹೋಯಿತು. ಇದನ್ನೆಲ್ಲ ಅವರೇ ಮುಚ್ಚಿಡದೆ ಬಹಿರಂಗವಾಗಿ ಬರೆದುಕೊಂಡದ್ದು ಮೆಚ್ಚತಕ್ಕದ್ದು.

ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕ್ ಗುಂಪಿನಲ್ಲಿ 2012ರ ಜೂನ್‌ನಲ್ಲಿ ನಡೆದದ್ದು ಇನ್ನೂ ದೊಡ್ಡದು. ಅದು ಕ್ರಾನ್ ಅಲ್ಲ, ಆದರೆ ರಾತ್ರಿಯ ಕೆಲಸಗಳನ್ನು ಸರದಿಯಲ್ಲಿ ನಡೆಸುವ ಅದೇ ಜಾತಿಯ ತಂತ್ರಾಂಶ. ಅದರ ಹೊಸ ಆವೃತ್ತಿ ಕೂರಿಸಲು ಹೋಗಿ ಕೆಟ್ಟಿತು. ಆ ದೇಶದಲ್ಲಿ 65 ಲಕ್ಷ ಗ್ರಾಹಕರಿಗೆ ತೊಂದರೆಯಾಯಿತು. ಸಂಬಳ ಬಂದಿಲ್ಲ, ಖಾತೆಯ ಬಾಕಿ ಸರಿಯಿಲ್ಲ ಎನ್ನುವ ಗೋಳು ದಿನಗಟ್ಟಲೆ ನಡೆಯಿತು. 2014ರಲ್ಲಿ ನಿಯಂತ್ರಕರು ವಿಧಿಸಿದ ದಂಡ ಒಟ್ಟು 5 ಕೋಟಿ 60 ಲಕ್ಷ ಪೌಂಡ್.

ನಮ್ಮ ಅಂಗಡಿಗೆ ಅಷ್ಟೆಲ್ಲ ಬೇಡ. ಆಜ್ಞೆಯ ಕೊನೆಗೆ >> ಗುರುತು ಹಾಕಿ ಒಂದು ಕಡತದ ಪೂರ್ತಿ ವಿಳಾಸ ಕೊಟ್ಟು, ಅದರ ಮುಂದೆ 2>&1 ಎಂದು ಬರೆದರೆ ಕೆಲಸ ಆಡಿದ ಮಾತು, ತಪ್ಪಿನ ಮಾತು ಎರಡೂ ಆ ಕಡತಕ್ಕೆ ಸೇರುತ್ತಾ ಹೋಗುತ್ತವೆ. ಕೆಲವರು ಕಿರಿಕಿರಿ ಬೇಡವೆಂದು ಎಲ್ಲವನ್ನೂ ಡೆವ್ ನಲ್ ಎಂಬ ಪಾತಾಳಕ್ಕೆ ಕಳಿಸುತ್ತಾರೆ. ಹಾಗೆ ಮಾಡಿದವನು ಕೆಟ್ಟದ್ದು ತಿಳಿಯುವ ಬಾಗಿಲನ್ನು ತಾನೇ ಮುಚ್ಚಿಕೊಂಡಂತೆ.

ಬೇರೆ ದಾರಿಗಳು

ಒಮ್ಮೆ ಮಾತ್ರ ಆಗಬೇಕಾದ ಕೆಲಸಕ್ಕೆ ಅಟ್ ಎಂಬ ಆಜ್ಞೆ ಇದೆ. ಹೊಸ ಲಿನಕ್ಸ್‌ಗಳಲ್ಲಿ ಸಿಸ್ಟಮ್‌ಡಿ ಟೈಮರ್ ಎಂಬ ವ್ಯವಸ್ಥೆ ಕ್ರಾನಿನ ಪಕ್ಕದಲ್ಲೇ ಕೂತಿದೆ. ಒಂದು ಸಾಲಿನ ಬದಲು ಎರಡು ಕಡತ ಬರೆಯಬೇಕಾದರೂ, ತಪ್ಪಿದ ಕೆಲಸವನ್ನು ಆಮೇಲೆ ಮಾಡಿಸುವುದು, ದಾಖಲೆ ಇಡುವುದು, ಒಂದೇ ಕೆಲಸ ಎರಡೆರಡು ಸಲ ಏಳದಂತೆ ನೋಡುವುದು ಅದರಲ್ಲೇ ಇದೆ. ವಿಂಡೋಸ್ ಇಟ್ಟುಕೊಂಡವರಿಗೆ ಟಾಸ್ಕ್ ಶೆಡ್ಯೂಲರ್ ಉಂಟು, ಅಲ್ಲಿ ನಕ್ಷತ್ರಗಳ ಬದಲು ಗುಂಡಿಗಳು. ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ, ಆದರೆ ಬ್ಯಾಟರಿ ಉಳಿಸಲು ಅದು ಕ್ರಾನ್ ಬಳಸದೆ ಬೇರೆ ಉಪಾಯ ಮಾಡಿಕೊಂಡಿದೆ. ಆ್ಯಪ್‌ಗಳು "ಇಂಥ ಹೊತ್ತಿಗೆ" ಎನ್ನುವ ಬದಲು "ಚಾರ್ಜಿಗೆ ಹಾಕಿದಾಗ, ವೈಫೈ ಸಿಕ್ಕಾಗ" ಎಂದು ಕೇಳಿಕೊಳ್ಳುತ್ತವೆ. ಫೋಟೋಗಳ ಬ್ಯಾಕಪ್ ರಾತ್ರಿ ಚಾರ್ಜಿಗಿಟ್ಟಾಗ ಹೆಚ್ಚಾಗಿ ನಡೆಯುವುದು ಇದರಿಂದ.

ಸಾಲು ಬರೆದ ಮರುದಿನ ಬೆಳಗ್ಗೆ ನೋಡಬೇಕಾದ್ದು ಮೂರು: ಬ್ಯಾಕಪ್ ಕಡತದ ತಾರೀಖು ನಿನ್ನೆಯದೇ, ಗಾತ್ರ ಸೊನ್ನೆಯಾಗಿಲ್ಲವೇ, ಬೇರೊಂದು ಯಂತ್ರದಲ್ಲಿ ತೆರೆದರೆ ಹೆಸರುಗಳು ಕನ್ನಡದಲ್ಲೂ ತೆಲುಗಿನಲ್ಲೂ ಓದಲು ಬರುತ್ತವೆಯೇ. ಮೂರನೆಯದನ್ನು ಬಹಳ ಜನ ನೋಡುವುದಿಲ್ಲ. ತಿಂಗಳಿಗೊಮ್ಮೆ ಅದನ್ನು ನೆನಪಿಸಲು ಬೇಕಾದರೆ ಒಂದು ಸಾಲು ಕ್ರಾನಿಗೇ ಬರೆಯಬಹುದು: 0 10 1 * *